ಬೈಂಡರನ ದಾರ

"ಆ ಬ್ಯಾಟರಿ ಶೆಲ್ ಮೇಲೆ ಬೆರಳಿಟ್ರೆ ನೋಡಿ ಸಾಹೇಬ್ರೆ, ಪೊಲೀಸು ಗಿಲೀಸು ಅಂತ ನೋಡಲ್ಲ ನಾನು. ಸ್ಕ್ರೂಡ್ರೈವರ್‌ನಲ್ಲೇ ಬಾರಿಸ್ತೀನಿ."

ಇನ್ಸ್‌ಪೆಕ್ಟರ್ ಬಿಸಿ ಪಾತ್ರೆ ಮುಟ್ಟಿದವನಂತೆ ಬೆರಳು ಹಿಂದಕ್ಕೆಳೆದುಕೊಂಡ. ಹದಿನೆಂಟು ವರ್ಷದ ನೌಕರಿಯಲ್ಲಿ ಅವನನ್ನು ಹೀಗೆ ಗದರಿದವರು ಇಬ್ಬರೇ. ಒಬ್ಬರು ಹೆತ್ತ ತಾಯಿ. ಇನ್ನೊಬ್ಬಳು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಈಗ ಅವನೆದುರು ಕೂತಿದ್ದ ಈ ಹೆಂಗಸು.

ಊರೆಲ್ಲ ಅವಳನ್ನು ಬೆಸುಗೆ ಅಕ್ಕ ಅನ್ನುತ್ತಿತ್ತು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹತ್ತಡಿ ಅಗಲದ ಕೋಣೆ, ಕಿಟಕಿಯ ಪಕ್ಕ ಒಂದು ಉದ್ದನೆ ಮೇಜು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಳೆಯ ಬೋರ್ಡುಗಳು. ಓದಿದ್ದು ಹತ್ತನೇ ಕ್ಲಾಸು. "ಅದೂ ಎರಡು ಸಲ," ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಉಳಿದದ್ದನ್ನೆಲ್ಲ ಅವಳಿಗೆ ಕೆಟ್ಟುಹೋದ ರೇಡಿಯೋಗಳು ಕಲಿಸಿದ್ದವು.

ಮೇಜಿನ ಮೇಲೆ ಕೆಟ್ಟು ಮಲಗಿದ್ದದ್ದು ಮುದ್ರಣಾಲಯದ ಕಂಪ್ಯೂಟರಿನ ಮದರ್‌ಬೋರ್ಡು. ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಹೋದ ಆ ಮುದ್ರಣಾಲಯದಲ್ಲಿ, ಭದ್ರ ಕೋಣೆಯ ಬಾಗಿಲನ್ನು ಯಾರು ಯಾವಾಗ ತೆರೆದರು ಎಂದು ಬರೆದಿಡುತ್ತಿದ್ದ ಯಂತ್ರ ಅದು. ಅದರ ಬರಹದಂತೆ ರಜೆಯ ಭಾನುವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಒಳಗೆ ಹೋದವನು ಒಬ್ಬನೇ: ಮೂವತ್ತು ವರ್ಷದಿಂದ ಅಲ್ಲಿ ಪುಸ್ತಕ ಹೊಲಿಯುತ್ತಿದ್ದ ಬೈಂಡರ್. ಅವನೀಗ ಲಾಕಪ್ಪಿನಲ್ಲಿದ್ದ. ಮೂರು ಗಂಟೆಗೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸಬೇಕು. ಗೋಡೆಯ ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು.

"ಡಿಸ್ಕಲ್ಲಿ ಬರೆದಿದ್ದೆಲ್ಲ ಸಿಕ್ಕಿದೆಯಲ್ಲ, ಈ ಹೆಣ ಹೊತ್ಕೊಂಡು ಯಾಕ್ ತಿರುಗ್ತೀಯ ಅಂತ ನಮ್ಮ ಮೇಲಿನವರು ಬೈದ್ರು," ಅಂದ ಇನ್ಸ್‌ಪೆಕ್ಟರ್.

"ಏನು ಬರ್ಕೊಂಡೆ ಅಂತ ಡಿಸ್ಕು ಹೇಳುತ್ತೆ ಸಾಹೇಬ್ರೆ. ಬರ್ಕೊಂಡಾಗ ಕ್ಯಾಲೆಂಡರ್ ಸರಿಯಿತ್ತಾ ಅಂತ ಹೇಳೋದು ಬೋರ್ಡು." ಅಕ್ಕ ಕಾಸಿನಗಲದ ಆ ಶೆಲ್ಲಿಗೆ ಮೀಟರಿನ ಎರಡು ತಂತಿ ತಾಗಿಸಿದಳು. "ಇದರೊಳಗೊಂದು ಗಡಿಯಾರ ಇದೆ. ಮೈಯೆಲ್ಲ ಸತ್ತಿದ್ರೂ ಈ ಶೆಲ್ಲಿನ ಉಸಿರಲ್ಲಿ ಅದೊಂದು ಓಡ್ತಾನೇ ಇರುತ್ತೆ. ಹೊಸ ಶೆಲ್ಲಾದ್ರೆ ಮೂರು ವೋಲ್ಟು. ಇದು ನೋಡಿ, ಎರಡೂಕಾಲು. ಎರಡಕ್ಕಿಳಿದ್ರೆ ಕತೆ ಮುಗೀತು. ಶೆಲ್ ತೆಗೆದ್ರೂ ಮುಗೀತು. ದೊಡ್ಡ ಲ್ಯಾಬಿನೋರು ಮೊದಲು ಮಾಡೋ ಕೆಲಸವೇ ಅದು, ಶೆಲ್ ಕೀಳೋದು."

ಇನ್ಸ್‌ಪೆಕ್ಟರ್‌ಗೆ ಮುದ್ರಣಾಲಯದ ಗೇಟಿನ ವಾಚ್‌ಮನ್ ನೆನಪಾದ. ಪೆಟ್ಟಿಗೆಯನ್ನು ಜೀಪಿಗೆ ಹಾಕುವಾಗ ಆ ಗಡ್ಡದವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ್ದ: "ಲ್ಯಾಬಿಗೆ ಕಳಿಸಬೇಡಿ ಸಾರ್. ಚಪ್ಪಲಿ ಅಂಗಡಿ ಮೇಲೆ ಒಬ್ರಿದಾರೆ. ಅವರ ಕೈಗೆ ಸಿಕ್ಕಿದ್ರೆ ಸತ್ತಿದ್ದೂ ಆಕಳಿಸುತ್ತೆ." ಇನ್ಸ್‌ಪೆಕ್ಟರ್ ಕೋರ್ಟಿನಿಂದ ಅನುಮತಿ ಪತ್ರ ಬರೆಸಿಕೊಂಡು ಸೀದಾ ಇಲ್ಲಿಗೆ ಬಂದಿದ್ದ.

ಮೂಲೆಯ ಸ್ಟೂಲಿನ ಮೇಲೆ ಬೈಂಡರನ ಹೆಂಡತಿ ಕೂತಿದ್ದಳು. ಬೆಳಿಗ್ಗೆಯೇ ಬಂದವಳು. ಗಂಡ ಅರ್ಧಕ್ಕೆ ಬಿಟ್ಟುಹೋದ ನೋಟುಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು, ಮೇಣ ಸವರಿದ ದಾರದಲ್ಲಿ ಹೊಲಿಯುತ್ತ ಕೂತಿದ್ದಳು. ಕಾಲ ಬಳಿ ಎರಡು ಊಟದ ಡಬ್ಬಿ.

"ಎರಡ್ಯಾಕಮ್ಮ?" ಎಂದು ಅವಳು ಬಂದಾಗಲೇ ಅಕ್ಕ ಕೇಳಿದ್ದಳು.

"ಒಂದು ನಿಮಗೇ ಅಕ್ಕಾ. ಆ ಅಮ್ಮ ಕೆಲಸಕ್ಕೆ ಕೂತ್ರೆ ಊಟ ಮರ್ತುಬಿಡ್ತಾರೆ, ಒಂದು ಡಬ್ಬಿ ಅವರಿಗೂ ಹಿಡ್ಕೊಂಡು ಹೋಗಿ ಅಂದ್ರು ಗೇಟಿನೋರು."

"ಒಳ್ಳೆ ಗೇಟಿನೋರು," ಎಂದು ಅಕ್ಕ ಡಬ್ಬಿಯನ್ನು ಕಿಟಕಿಯಲ್ಲಿಟ್ಟು, ಹೇಳಿದಂತೆಯೇ ಮರೆತೇಬಿಟ್ಟಿದ್ದಳು.

"ನಮ್ಮನೆಯವರು ಹೋಗಿದ್ದು ಶನಿವಾರ ಸಾರ್," ಹೆಂಡತಿ ಈಗ ಸೂಜಿ ನಿಲ್ಲಿಸದೆ ಅಂದಳು. ಮಂಗಳವಾರದಿಂದ ಅವಳು ಹೇಳುತ್ತಿದ್ದದ್ದು ಇದೊಂದೇ ಮಾತು. "ಶನಿವಾರ ಅರ್ಧ ದಿನ. ಎಲ್ಲರೂ ಒಂದು ಗಂಟೆಗೇ ಹೋದ್ರು. ಮ್ಯಾನೇಜರ್ರು ಇವರೊಬ್ಬರನ್ನೇ ನಿಲ್ಲಿಸ್ಕೊಂಡು, ನಾಲ್ಕು ಗಂಟೆ ಮೇಲೆ ಒಳಗಿಂದ ಒಂದು ಕಟ್ಟು ತರೋಕೆ ಕಳಿಸಿದ್ರು. ಭಾನುವಾರ ಇವರು ಮನೇಲಿ ಮಂಚದ ಕಾಲು ರಿಪೇರಿ ಮಾಡ್ತಾ ಇದ್ರು."

"ಆದ್ರೆ ಶನಿವಾರ ಮಧ್ಯಾಹ್ನದ ಮೇಲೆ ಒಂದೇ ಒಂದು ಎಂಟ್ರಿಯಿಲ್ಲ ಡಿಸ್ಕಲ್ಲಿ," ಅಂದ ಇನ್ಸ್‌ಪೆಕ್ಟರ್. "ನಾಲ್ಕು ಇಪ್ಪತ್ತು ಅಂತ ಇರೋದು ಭಾನುವಾರದ್ದು."

ಅಕ್ಕ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. "ಅದಕ್ಕೇ ಅಲ್ವಾ ನೀವೂ ನಿದ್ದೆಗೆಟ್ಟು ಇಲ್ಲಿ ಬಂದು ಕೂತಿರೋದು?"

ಅವನು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. ಹೌದು, ಅದಕ್ಕೇ.

ಅಷ್ಟರಲ್ಲಿ ಮರದ ಮೆಟ್ಟಿಲು ಕಿರುಗುಟ್ಟಿತು.

ಬಂದವನು ಮುದ್ರಣಾಲಯದ ಮ್ಯಾನೇಜರ್. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಕಾರಿನ ಕೀ, ಮುಖದ ತುಂಬ ಕನಿಕರ. ಮೂಲೆಯಲ್ಲಿದ್ದ ಹೆಂಗಸನ್ನು ನೋಡಿ "ಅಯ್ಯೋ, ನೀನೂ ಇಲ್ಲೇ ಇದ್ದೀಯೇನಮ್ಮ" ಅಂದ. ಅವಳು ತಲೆಯೆತ್ತಲಿಲ್ಲ.

"ನಮ್ಮ ವಾಚ್‌ಮನ್ ಬಾಯಿ ಬಿಟ್ಟ ಸಾರ್, ಇಲ್ಲಿಗೆ ತಂದಿದೀರಿ ಅಂತ. ಏನಾದ್ರೂ ಸಹಾಯ ಆಗುತ್ತಾ ಅಂತ ಓಡಿಬಂದೆ. ಭಾನುವಾರ ಕರೆಂಟು ಹೋಗಿ ಬಂದು ಮಾಡಿರ್ಬೇಕು, ಸುಟ್ಟುಹೋಗಿದೆ ಪಾಪ." ಅವನು ಮೇಜಿಗೆ ಬಾಗಿದ. "ಮೇಡಂ, ಒಂದು ಮಾತು ಹೇಳ್ಲಾ? ಮೊದಲು ಆ ಶೆಲ್ ತೆಗೀರಿ. ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಎಷ್ಟೋ ಸಲ ಅಷ್ಟರಲ್ಲೇ ಸರಿ ಹೋಗುತ್ತೆ."

"ಹೌದಾ ಸಾರ್? ನಿಮಗೆ ಇದರ ಕೆಲಸ ಬರುತ್ತಾ?"

"ಛೇ ಛೇ, ನನಗೆಲ್ಲಿ. ಅಲ್ಲಿ ಇಲ್ಲಿ ಕೇಳಿದ್ದು."

"ನೋಡೋಣ, ಇನ್ನೂ ಬೇರೆ ದಾರಿ ಇದೆ."

"ಬೇರೆ ದಾರಿ ಆಮೇಲೆ ನೋಡಿ ಮೇಡಂ. ಮೊದಲು ಶೆಲ್." ದನಿಯಲ್ಲಿದ್ದ ಕನಿಕರ ಒಂದೆಳೆ ಬಿಗಿಯಾಯಿತು. "ಯಂತ್ರ ನಮ್ಮ ಸಂಸ್ಥೆಯದ್ದು. ಹಾಳಾದ್ರೆ ನಾಳೆ ಉತ್ತರ ಹೇಳಬೇಕಾದೋನು ನಾನು."

ಅಕ್ಕ ಒಂದು ಗಳಿಗೆ ಯೋಚಿಸಿದಳು. ಆಮೇಲೆ, "ಸರಿ ಬಿಡಿ. ತಿಳಿದೋರು ಹೇಳ್ತಿದೀರಿ," ಅಂದು ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬಾಗಿದಳು.

"ಅಕ್ಕಾ!" ಅಂದ ಇನ್ಸ್‌ಪೆಕ್ಟರ್.

ಟಿಕ್ ಎಂದು ಸದ್ದಾಯಿತು. ಅವಳು ತಿರುಗಿ, ಚಿಮಟದ ತುದಿಯಲ್ಲಿದ್ದ ಶೆಲ್ಲನ್ನು ಮ್ಯಾನೇಜರ್‌ನ ಮುಂದೆ ಮೇಜಿನ ಮೇಲೆ ಇಟ್ಟಳು. ಅದು ಗಿರ್ರನೆ ಸುತ್ತಿ ಮಲಗಿತು. ಮೂಲೆಯಲ್ಲಿ ಸೂಜಿ ನಿಂತಿತು.

ಮ್ಯಾನೇಜರ್ ಮಾತ್ರ ಉಸಿರು ಬಿಟ್ಟ. ಹೊಟ್ಟೆ ತುಂಬಿದವನು ಬಿಡುವಂಥ, ನಿಡಿದಾದ ಉಸಿರು. ಜೇಬಿನಿಂದ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. "ಸದ್ಯ. ಈಗ ಎಲ್ಲ ಸರಿ ಹೋಯ್ತು," ಎಂದು ಕೈ ಮುಗಿದು, ಬಂದದ್ದಕ್ಕಿಂತ ಹಗುರವಾಗಿ ಮೆಟ್ಟಿಲಿಳಿದ.

"ಏನ್ ಮಾಡಿದ್ರಿ ನೀವು!" ಇನ್ಸ್‌ಪೆಕ್ಟರ್ ಮೇಜಿನ ಮೇಲಿನ ಶೆಲ್ಲಿನತ್ತ ಕೈ ತೋರಿಸಿದ.

ಅಕ್ಕ ಪಕ್ಕಕ್ಕೆ ಸರಿದಳು. ಬೋರ್ಡಿನ ಮೇಲೆ ಶೆಲ್ಲು ಇದ್ದಲ್ಲೇ ಇತ್ತು. "ಅದು ಗುಜರಿ ಡಬ್ಬಿಯದ್ದು. ಸತ್ತು ನಾಲ್ಕು ವರ್ಷ ಆಗಿದೆ." ಅವಳು ಕುರ್ಚಿ ಎಳೆದುಕೊಂಡಳು. "ಯಂತ್ರ ಇನ್ನೂ ಎದ್ದಿಲ್ಲ. ಆದ್ರೆ ಅವರಿಗೆ ಎಲ್ಲ ಸರಿ ಹೋಯ್ತಂತೆ. ಬರ್ಕೊಳ್ಳಿ ಸಾಹೇಬ್ರೆ."

ಇನ್ಸ್‌ಪೆಕ್ಟರ್ ಬರೆದುಕೊಂಡ. ಬರೆಯುತ್ತ ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮೂರು ದಿನ ಠಾಣೆಯಲ್ಲಿ ಕೂರಿಸಿ ಕೇಳಿದರೂ ಮ್ಯಾನೇಜರ್‌ನಿಂದ ಹೊರಡದ ಮಾತು, ಇವಳ ಗುಜರಿ ಡಬ್ಬಿಯ ಮುಂದೆ ಹೊರಟಿತ್ತು.

"ಈಗ ಕೆಲಸ," ಅಂದಳು ಅಕ್ಕ.

ಬೋರ್ಡಿನ ಅಂಚಿನಲ್ಲಿ ಗೂಡಿನೊಳಗೆ ಕೂತಿದ್ದ ಕಪ್ಪು ಚಿಪ್ ಒಂದನ್ನು ತೋರಿಸಿದಳು. ಎರಡು ಸಾಲಲ್ಲಿ ಮೂವತ್ತೆರಡು ಕಾಲು. ನೂರು ಕಾಲಿನ ಹುಳದ ಹೆಸರಿಟ್ಟು ಅವಳು ಅದನ್ನು ಜರಿ ಅನ್ನುತ್ತಿದ್ದಳು.

"ಇದು ಬಯೋಸು. ನಾವು ಬೆಳಿಗ್ಗೆ ಎದ್ದಾಗ ನಾನು ಯಾರು, ಕೈ ಎಲ್ಲಿ, ಕಾಲು ಎಲ್ಲಿ ಅಂತ ಗೊತ್ತಾಗುತ್ತಲ್ಲ, ಅದನ್ನ ಯಂತ್ರಕ್ಕೆ ಹೇಳೋದು ಈ ಜರಿ. ಇದರ ಬರಹ ಅಳಿಸಿ ಹೊಸದು ಬರೀಬಹುದು. ತಪ್ಪು ಬರೆದ್ರೋ, ಎದ್ದ ಮನುಷ್ಯ ಪಕ್ಕದ ಮನೆಯೋನೇ ನಾನು ಅಂದ್ಕೊಂಡ ಹಾಗೆ. ಏಳೋದೂ ಇಲ್ಲ, ಮಲಗೋದೂ ಇಲ್ಲ. ಫ್ಯಾನು ತಿರುಗುತ್ತೆ, ಪರದೆ ಕಪ್ಪು. ನಿಮ್ಮ ಬೋರ್ಡಿಗೆ ಆಗಿರೋದು ಅದು. ಸುಟ್ಟಿಲ್ಲ ಏನೂ ಇಲ್ಲ."

"ಮತ್ತೆ ಇದಕ್ಕೆ ಸರಿಯಾದ್ದು ಬರೀಬೇಕು ಅಂದ್ರೆ?"

"ಏಳದೇ ಇರೋದು ತಾನೇ ಬರ್ಕೊಳ್ಳಲ್ಲ. ಎದ್ದಿರೋ ಇನ್ನೊಂದು ಬೋರ್ಡಲ್ಲಿ ಕೂರಿಸಿ ಬರೀಬೇಕು. ನನ್ನ ಹತ್ರ ಇಂಥದೇ ಗೂಡಿರೋದು ಒಂದೇ ಇದೆ." ಅವಳು ಮೇಜಿನ ಆ ತುದಿಯಲ್ಲಿ ಪೆಟ್ಟಿಗೆಯಿಲ್ಲದೆ ಬೆತ್ತಲೆ ಕೂತಿದ್ದ ತನ್ನದೇ ಕಂಪ್ಯೂಟರಿನ ಕಡೆ ನೋಡಿದಳು. "ಅದು ಓಡ್ತಿರುವಾಗಲೇ ಅದರ ಜರಿಯನ್ನ ಎತ್ತಿ, ಇದನ್ನ ಇಡಬೇಕು. ಸ್ವಲ್ಪ ವಾರೆಯಾದ್ರೆ ಎರಡೂ ಢಮಾರ್."

"ಅಂದ್ರೆ ನಿಮ್ಮ ಅಂಗಡಿ ಯಂತ್ರ…"

"ಅದಿಲ್ದೆ ನಾನಿಲ್ಲ. ಅದಕ್ಕೇ ಮಾತಾಡಿಸಬೇಡಿ."

ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಕಪಾಟಿನಿಂದ ಇಳಿಸಿದಳು. ಅದರ ತುಂಬ ಫ್ಲಾಪಿಗಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈ ಮುಟ್ಟಿದ ಪ್ರತಿ ಬೋರ್ಡಿನ ಬಯೋಸಿನ ನಕಲು, ಒಂದೊಂದರ ಮೇಲೂ ಪುಟ್ಟ ಅಕ್ಷರದ ಚೀಟಿ. ಭೂತಗನ್ನಡಿ ಹಿಡಿದು ಮುದ್ರಣಾಲಯದ ಬೋರ್ಡಿನ ಮೂಲೆಯ ನಂಬರನ್ನು ಎರಡು ಸಲ ಓದಿದಳು, ಚೀಟಿಯನ್ನು ಮೂರು ಸಲ. ಕೊನೆಯ ಅಂಕಿ ಒಂದಾ ಎರಡಾ ಎಂದು ಉಗುರಿನಿಂದ ಧೂಳು ಕೆರೆದು ನೋಡಿದಳು. ಲಾಕಪ್ಪಿಗೆ ಕಳಿಸುವ ಮುಂಚೆ ತಾನು ಬೈಂಡರನ ಹೇಳಿಕೆಯನ್ನು ಇಷ್ಟು ಸಲ ಓದಿದ್ದೆನೇ ಎಂದು ಇನ್ಸ್‌ಪೆಕ್ಟರ್‌ಗೆ ಅನ್ನಿಸಿತು.

"ಈಗ ಇದನ್ನ ಎತ್ತೋದು ಹೇಗೆ? ಕಬ್ಬಿಣ ತಾಗೋ ಹಾಗಿಲ್ಲ. ಬೆರಳು ಹೋಗಲ್ಲ." ಅವಳ ಕಣ್ಣು ಕೋಣೆಯೆಲ್ಲ ಸುತ್ತಿ ಮೂಲೆಯ ಸ್ಟೂಲಿನ ಮೇಲೆ ನಿಂತಿತು. "ಏನಮ್ಮ, ಆ ದಾರ ಎಳೆದ್ರೆ ಹಿಗ್ಗುತ್ತಾ?"

"ಬೈಂಡಿಂಗ್ ದಾರ ಅಕ್ಕಾ. ಕೈ ಕುಯ್ದ್ರೂ ಹಿಗ್ಗಲ್ಲ."

"ಎರಡು ಮೊಳ ಕೊಡು."

ತನ್ನ ಯಂತ್ರ ಆರಿಸಿದ್ದಾಗಲೇ ಅದರ ಜರಿಯನ್ನು ಮೆಲ್ಲಗೆ ಸಡಿಲಿಸಿ, ಹೊಟ್ಟೆಯಡಿ ಎರಡು ಕಡೆ ಎರಡು ದಾರ ಹಾಯಿಸಿ, ಮತ್ತೆ ಹಗುರವಾಗಿ ಕೂರಿಸಿದಳು. ಆಮೇಲೆ ಗುಂಡಿ ಒತ್ತಿದಳು. ಪರದೆ ಬೆಳಗಿತು. ಮೂಲೆಯಲ್ಲಿ ಒಂದು ಸಾಲು ಮೂಡಿತು. ಇಂಗ್ಲಿಷ್ ಅಕ್ಷರ, ಕನ್ನಡದ ಮಾತು.

"ಅಕ್ಕೋ, ಊತ ಆಯ್ತಾ?" ಎಂದು ಇನ್ಸ್‌ಪೆಕ್ಟರ್ ಗಟ್ಟಿಯಾಗಿ ಓದಿದ. "ಊತನಾ? ಎಲ್ಲಿ ಊತ, ಕಾಲಿಗಾ?"

"ಇನ್ನೂ ಇಲ್ಲ ಕಣೋ," ಅಂದಳು ಅಕ್ಕ, ಅವನಿಗಲ್ಲ, ಪರದೆಗೆ. ಆಮೇಲೆ ತುಸು ನಾಚಿದಳು. "ನನ್ನ ತಮ್ಮನ ತರಲೆ. ಚಿಕ್ಕವನಿದ್ದಾಗ ಅವನಿಗೆ ಟ ಹೊರಳ್ತಿರಲಿಲ್ಲ. ಊಟಕ್ಕೆ ಊತ ಅಂತಿದ್ದ. ದೊಡ್ಡವನಾಗಿ ಇದೇ ವಿದ್ಯೆ ಕಲಿತ ಮೇಲೆ, ನನಗೆ ಹೇಳದೆ ಕೇಳದೆ ಈ ಜರಿಯೊಳಗೆ ಆ ಮಾತು ತುರುಕಿಬಿಟ್ಟ. ದಿನಾ ಬೆಳಿಗ್ಗೆ ಕೇಳುತ್ತೆ. ನಾನೂ ಉತ್ತರ ಕೊಡ್ತೀನಿ."

"ಈಗ ಎಲ್ಲಿದಾನೆ?"

"ಟಾರ್ಚು ಸರಿಯಾಗಿ ಹಿಡೀರಿ ಸಾಹೇಬ್ರೆ."

ಎರಡು ದಾರದ ನಾಲ್ಕು ತುದಿ. ಅಕ್ಕನಿಗೆ ಹೊಸ ಜರಿ ಹಿಡಿಯಲು ಕೈ ಬೇಕು. ಇನ್ಸ್‌ಪೆಕ್ಟರ್ ಕೈ ಚಾಚಿದ. ಅವಳು ಆ ಕೈಯನ್ನು ನೋಡಿ, "ಇದು ಲಾಠಿ ಹಿಡಿಯೋ ಕೈ. ಬೇಡ," ಅಂದಳು. "ಬಾಮ್ಮ ನೀನು."

ಬೈಂಡರನ ಹೆಂಡತಿ ನೋಟುಪುಸ್ತಕ ಕೆಳಗಿಟ್ಟು ಬಂದಳು. ಕೈ ಸೀರೆಗೆ ಒರೆಸಿಕೊಂಡಳು. "ನಂಗೆ ಭಯ ಆಗುತ್ತೆ ಅಕ್ಕಾ."

"ಪುಸ್ತಕದ ಬೆನ್ನು ಬಿಗೀತೀಯಲ್ಲ, ಆ ಕಡೆ ಈ ಕಡೆ ಒಂದೇ ಸಮ? ಅಷ್ಟೇ. ಪುಸ್ತಕ ಅಂದ್ಕೋ."

ಅವಳು ನಾಲ್ಕೂ ತುದಿಗಳನ್ನು ಬೆರಳಿಗೆ ಸುತ್ತಿಕೊಂಡಳು. ಆ ಬೆರಳುಗಳ ಮೇಲೆ ದಾರ ಕೊರೆದ ಹಳೆಯ ಗೀರುಗಳಿದ್ದವು, ದಾರ ಸೀದಾ ಹೋಗಿ ಅವುಗಳಲ್ಲೇ ಕೂತಿತು. ಎಳೆದಳು. ಎಳೆದದ್ದೇ ಕಾಣಲಿಲ್ಲ. ಜರಿ ನೀರಿನ ಮೇಲೆ ತೇಲಿದ ಹಾಗೆ, ಒಂದು ಕೂದಲೂ ವಾರೆಯಾಗದೆ, ಮೂವತ್ತೆರಡು ಕಾಲನ್ನೂ ಒಟ್ಟಿಗೆ ಎತ್ತಿಕೊಂಡು ಮೇಲೆ ಬಂತು.

ಪರದೆ ಒಮ್ಮೆ ನಡುಗಿತು. ಮಿಣುಕುತ್ತಿದ್ದ ಗೆರೆ ನಿಂತೇ ಹೋಯಿತು.

ಆಮೇಲೆ ಮತ್ತೆ ಮಿಣುಕಿತು.

"ಭೇಷ್!" ಅಂದಳು ಅಕ್ಕ. "ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದೀನಿ, ನಾನೇ ಇಷ್ಟು ನೆಟ್ಟಗೆ ಎತ್ತಿಲ್ಲ ಕಣೇ."

ಮುದ್ರಣಾಲಯದ ಜರಿಯನ್ನು, ತಲೆಯ ಕಚ್ಚು ಯಾವ ಕಡೆ ಎಂದು ನೋಡಿ, ಖಾಲಿ ಗೂಡಿಗೆ ಇಳಿಸಿದಳು. ಆಮೇಲೆ ಕೀಲಿಮಣೆಗೆ ಕೈ ಹಾಕಿದಳು.

"ಬರೀತಿದೀರಾ?"

"ಇಲ್ಲ. ಒರೆಸೋ ಮುಂಚೆ ಓದಬೇಕು. ಏನಿತ್ತು ಅಂತ ನೋಡ್ದೆ ಒರೆಸಿಬಿಟ್ರೆ ರೋಗ ಏನಂತ ಗೊತ್ತಾಗೋದು ಹೇಗೆ? ನಾನು ಯಾರಿಗೇ ಕಲಿಸಿದ್ರೂ ಮೊದಲ ಪಾಠ ಇದು."

ಪರದೆಯ ಎಡಕ್ಕೆ ಅಂಕಿಗಳ ಮಳೆ, ಬಲಕ್ಕೆ ಅರ್ಥವಿಲ್ಲದ ಅಕ್ಷರ. ಅವಳು ಪುಟ ತಿರುವುತ್ತ ಹೋದಳು. "ಕರೆಂಟು ಹೋಗಿ ಕೆಟ್ಟಿದ್ರೆ ಅರ್ಧಕ್ಕೆ ನಿಂತಿರ್ಬೇಕಿತ್ತು. ಇದು ಕೊನೇ ಅಕ್ಷರದ ತನಕ ಇದೆ. ಕೂಡಿಸಿದ್ರೆ ಲೆಕ್ಕವೂ ಸರಿ. ಇದು ಕರೆಂಟಿನ ಕೆಲಸ ಅಲ್ಲ, ಕೈಯ ಕೆಲಸ. ತುಂಬಿದ ಕೊಡ. ಯಾರೋ ಬೇರೆ ಬೋರ್ಡಿನ ಬಯೋಸನ್ನ ತಂದು, ಸಮಾಧಾನವಾಗಿ ಪೂರ್ತಿ…"

ಮಾತು ಅಲ್ಲಿಗೇ ನಿಂತಿತು.

ಇನ್ಸ್‌ಪೆಕ್ಟರ್ ಬಗ್ಗಿ ನೋಡುವಷ್ಟರಲ್ಲಿ ಅವಳು ಪುಟ ಮುಚ್ಚಿದ್ದಳು. ಓದಿದ್ದನ್ನೆಲ್ಲ ಹೊಸ ಫ್ಲಾಪಿಗೆ ನಕಲು ಮಾಡಿ ಅವನ ಕೈಗೆ ಕೊಟ್ಟಳು.

"ಇದನ್ನ ಜೇಬಲ್ಲಿ ಇಟ್ಕೊಳ್ಳಿ. ಕೆಲಸ ಮುಗಿಯೋ ತನಕ ನಾನೇ ಕೇಳಿದ್ರೂ ಕೊಡಬೇಡಿ."

"ಯಾಕೆ?"

"ಗಂಟೆ ಎಷ್ಟಾಯ್ತು?"

ಒಂದೂ ಕಾಲು. ಅವನು ಫ್ಲಾಪಿಯನ್ನು ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿಕೊಂಡ.

ಆಮೇಲಿನದು ಅಕ್ಕನ ಕೈ ಮಾತ್ರ ನಡೆಸಿದ ಕೆಲಸ. ತಗಡಿನ ಡಬ್ಬಿಯ ಫ್ಲಾಪಿ ಹಾಕಿದಳು, ಬರೆದಳು, ಬರೆದದ್ದನ್ನು ಮತ್ತೆ ಓದಿ ಮೂಲದೊಡನೆ ತಾಳೆ ನೋಡಿದಳು. ಯಂತ್ರ ಆರಿಸಿ ತನ್ನ ಜರಿಯನ್ನು ತನ್ನ ಗೂಡಿಗೆ, ಅದರ ಜರಿಯನ್ನು ಅದರ ಗೂಡಿಗೆ ಸೇರಿಸಿದಳು. ಮುದ್ರಣಾಲಯದ ಬೋರ್ಡಿಗೆ ಕರೆಂಟಿನ ತಂತಿ, ಪರದೆಯ ತಂತಿ ಚುಚ್ಚಿದಳು. ಮೀಟರ್ ಇಟ್ಟು ಶೆಲ್ ನೋಡಿದಳು. ಎರಡು ವೋಲ್ಟಿಗೆ ಇನ್ನು ಕೂದಲೆಳೆ.

"ಜನವರಿ ಒಂದು ಅಂತ ಬಂದ್ರೆ ಗಡಿಯಾರ ಸತ್ತಿದೆ ಅಂತ ಅರ್ಥ," ಅಂದಳು. "ಆಗ ನನ್ನ ಬೈಯಬೇಡಮ್ಮ."

ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಪರದೆ ಕಪ್ಪು. ಕೆಳಗಿನ ಬೀದಿಯಲ್ಲಿ ಯಾರೋ ಚಪ್ಪಲಿಗೆ ಚೌಕಾಸಿ ಮಾಡುತ್ತಿದ್ದರು. ಐದು ಸೆಕೆಂಡು. ಎಂಟು. ಬೈಂಡರನ ಹೆಂಡತಿ ಬೆರಳಿಗೆ ಸುತ್ತಿದ್ದ ದಾರವನ್ನು ಬಿಚ್ಚಿಯೇ ಇರಲಿಲ್ಲ.

ಪೀಪ್.

ಒಂದೇ ಒಂದು, ಪುಟ್ಟ, ತೊಟ್ಟಿಲಿನಿಂದ ಬಂದಂಥ ಸದ್ದು. ಪರದೆಯ ಮೇಲೆ ಬಿಳಿಯ ಅಕ್ಷರಗಳು ಏಳತೊಡಗಿದವು. ಇನ್ಸ್‌ಪೆಕ್ಟರ್ ತನಗರಿವಿಲ್ಲದೆ ಎದ್ದು ನಿಂತ. ಸಿಬ್ಬಂದಿ ಇಲ್ಲ, ಬಿಳಿ ಕೋಟಿಲ್ಲ, ಎರಡು ಮೊಳ ದಾರ ಮತ್ತು ಬಿಸ್ಕತ್ತಿನ ಡಬ್ಬಿ. ಇವಳಿಗೆ ಸಲ್ಯೂಟ್ ಹೊಡೆದರೆ ನಿಯಮಕ್ಕೆ ವಿರುದ್ಧವಾದೀತೇ ಎಂದು ಯೋಚಿಸಿದ.

ಅಕ್ಕ ಒಂದು ಕೀಲಿ ಒತ್ತಿದಳು. ನೀಲಿ ಪರದೆ ಬಂತು. ಮೇಲಿನ ಸಾಲಿನಲ್ಲಿ ತಾರೀಖು, ಅದರ ಕೆಳಗೆ ಸಮಯ.

"ಓದಿ ಸಾಹೇಬ್ರೆ. ನನ್ನ ಕಣ್ಣು ನಂಬಬೇಡಿ."

"ಒಂದು ಗಂಟೆ ನಲವತ್ತನಾಲ್ಕು ನಿಮಿಷ." ಅವನು ಕೈಗಡಿಯಾರ ನೋಡಿದ. ಒಂದು ನಲವತ್ತಾರು. "ತಾರೀಖು ಇಪ್ಪತ್ತು. ಶುಕ್ರವಾರ."

"ಇವತ್ತು ಗುರುವಾರ ಅಲ್ವಾ ಸಾರ್?" ಅಂದಳು ಬೈಂಡರನ ಹೆಂಡತಿ. "ಹತ್ತೊಂಬತ್ತು."

ಅಕ್ಕ ಬೆರಳಿಂದ ಪರದೆಯ ಮೇಲಿನ ತಾರೀಖನ್ನು ಮುಟ್ಟಿದಳು.

"ಇದು ಒಂದು ದಿನ ಮುಂದಿದೆ ಕಣಮ್ಮ," ಅಂದಳು ಅಕ್ಕ ಮೃದುವಾಗಿ. "ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಯಾರೋ ಮುಂದಕ್ಕೆ ತಳ್ಳಿದಾರೆ. ಅದು ಭಾನುವಾರ ಅಂತ ಬರ್ಕೊಂಡಿದ್ದು…"

"ಶನಿವಾರ," ಅಂದಳು ಅವಳು. "ನಾನು ಹೇಳ್ತಾನೇ ಇದ್ದೆ. ಶನಿವಾರ." ಹೋಗಿ ಸ್ಟೂಲಿನ ಮೇಲೆ ಕೂತು ನೋಟುಪುಸ್ತಕ ಎತ್ತಿಕೊಂಡಳು. ನಾಲ್ಕು ಹೊಲಿಗೆ ಹಾಕಿದ ಮೇಲೆ, ತಲೆಕೆಳಗಾಗಿ ಹಿಡಿದು ಹೊಲಿಯುತ್ತಿದ್ದೇನೆ ಎಂದು ತಿಳಿದು, ಅದರಲ್ಲೇ ಮುಖ ಹುದುಗಿಸಿಕೊಂಡಳು.

ಇನ್ಸ್‌ಪೆಕ್ಟರ್ ಪರದೆಯ ಫೋಟೋ ತೆಗೆದ, ಪಕ್ಕದಲ್ಲಿ ಕೈಗಡಿಯಾರ ಹಿಡಿದು ಇನ್ನೊಂದು ತೆಗೆದ. ಸರ್ಕಾರಿ ವಕೀಲರಿಗೆ ಫೋನು ಮಾಡಿ ವಿಷಯ ಹೇಳಿದ. "ಬೈಂಡರನನ್ನ ಇನ್ನು ನಮ್ಮ ವಶಕ್ಕೆ ಕೇಳಲ್ಲ, ಜಾಮೀನಿಗೂ ಅಡ್ಡ ಬರಲ್ಲ" ಎಂಬ ಮಾತು ಬಂದ ಮೇಲೆಯೇ ಕೂತ.

"ಒಂದು ಅರ್ಥವಾಗ್ತಿಲ್ಲ," ಅಂದ. "ಮ್ಯಾನೇಜರ್ ಸೋಮವಾರ ಬಂದು ತಾರೀಖು ಹಿಂದಕ್ಕೆ ತಿದ್ದಿಬಿಟ್ಟಿದ್ರೆ ಮುಗೀತಿತ್ತಲ್ಲ?"

"ಐದು ಸೆಕೆಂಡಿನ ಕೆಲಸ. ಆದ್ರೆ ಅವರು ಬಂದಾಗ ಯಂತ್ರ ಸತ್ತಿತ್ತು. ಪೆಟ್ಟಿಗೆ ಬಿಚ್ಚಿ ಶೆಲ್ ಕೀಳೋಕೆ ಮುಂಚೆ ನಿಮ್ಮ ಸೀಲು ಬಿತ್ತು." ಅಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು. "ನಾವು ತಪ್ಪು ತಿಳ್ಕೊಂಡಿದ್ವಿ ಸಾಹೇಬ್ರೆ. ಇದನ್ನ ಕೊಂದೋರು ಸಾಕ್ಷಿ ಹಾಳು ಮಾಡೋಕೆ ಕೊಂದಿಲ್ಲ. ಹಾಗಿದ್ರೆ ಸುತ್ತಿಗೆ ಸಾಕಿತ್ತು. ಯಾರೂ ಗಡಿಯಾರ ತಿದ್ದಬಾರದು ಅಂತ ಬಾಯಿ ಹೊಲಿದಿಟ್ಟಿದಾರೆ. ಬಿಚ್ಚೋರು ಬಿಚ್ಚಲಿ ಅಂತ. ಈಗ ಆ ಫ್ಲಾಪಿ ತೆಗೀರಿ."

ಅವನು ಜೇಬಿನ ಗುಂಡಿ ಬಿಚ್ಚಿ ಕೊಟ್ಟ. ತನ್ನ ಯಂತ್ರದಲ್ಲಿ ಅದನ್ನು ತೆರೆದು, ಪುಟ ತಿರುವಿ, ಒಂದು ಕಡೆ ನಿಲ್ಲಿಸಿ ಅವಳು ಪಕ್ಕಕ್ಕೆ ಸರಿದಳು.

ಅಂಕಿಗಳ ಬಲಕ್ಕೆ, ಅರ್ಥವಿಲ್ಲದ ಅಕ್ಷರಗಳ ನಡುವೆ, ಒಂದೇ ಒಂದು ಸಾಲು ಅರ್ಥವಾಗುವಂತಿತ್ತು.

ಅಕ್ಕೋ, ಊತ ಆಯ್ತಾ?

ಇನ್ಸ್‌ಪೆಕ್ಟರ್ ಎರಡು ಸಲ ಓದಿದ. "ಇದು ನಿಮ್ಮ ಬೋರ್ಡಿನದು."

"ನನ್ನದೇ."

"ಅಂದ್ರೆ ನಾನೀಗ ನಿಮ್ಮನ್ನ ಠಾಣೆಗೆ ಕರ್ಕೊಂಡು ಹೋಗಬೇಕಾಗುತ್ತೆ. ಒರೆಸಿಬಿಟ್ಟಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ಅದಕ್ಕೇ ನಿಮ್ಮ ಜೇಬಿಗೆ ಹಾಕಿದ್ದು. ನನ್ನ ಮೇಲೆ ನನಗೇ ನಂಬಿಕೆ ಸಾಲಲಿಲ್ಲ." ಅವಳು ತಗಡಿನ ಡಬ್ಬಿಯ ತಳದಿಂದ ಹಳದಿಗಟ್ಟಿದ ಚೀಟಿಯ ಒಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟಳು. "ಈ ಬಯೋಸಿನ ನಕಲು ಪ್ರಪಂಚದಲ್ಲಿ ಎರಡೇ ಇರೋದು. ಒಂದು ಇದು. ಇನ್ನೊಂದು ನನ್ನ ತಮ್ಮ ತಗೊಂಡು ಹೋದ. ಜಗಳ ಆಡಿಕೊಂಡು, ಆರು ವರ್ಷದ ಹಿಂದೆ. ಅವತ್ತಿಂದ ಬದುಕಿದಾನೋ ಇಲ್ವೋ ಗೊತ್ತಿಲ್ಲ."

ಇನ್ಸ್‌ಪೆಕ್ಟರ್‌ನ ಕಣ್ಣು ಕಿಟಕಿಯ ಕಡೆ ಹೋಯಿತು. ಮುಚ್ಚಳ ತೆಗೆಯದ ಡಬ್ಬಿ ಅಲ್ಲೇ ಇತ್ತು.

"ಅಕ್ಕಾ, ನೀವು ಆ ಮುದ್ರಣಾಲಯಕ್ಕೆ ಯಾವತ್ತಾದ್ರೂ ಹೋಗಿದೀರಾ?"

"ಇಲ್ಲ. ಯಾಕೆ?"

"ಮತ್ತೆ ನೀವು ಊಟ ಮರೀತೀರಿ ಅಂತ ಅಲ್ಲಿನ ವಾಚ್‌ಮನ್‌ಗೆ ಹೇಗೆ ಗೊತ್ತು?"

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು.

"ಎಂಟು ತಿಂಗಳಾಯ್ತು ಅವರು ಬಂದು," ಬೈಂಡರನ ಹೆಂಡತಿ ಮುಖ ಒರೆಸಿಕೊಂಡು ಅಂದಳು. "ಗಡ್ಡ ಬಿಟ್ಕೊಂಡಿದಾರೆ. ಭಾನುವಾರದ ಕಾವಲೂ ಅವರದೇ."

ಇನ್ಸ್‌ಪೆಕ್ಟರ್ ಆಗಲೇ ಮುದ್ರಣಾಲಯದ ಗೇಟಿನ ನಂಬರು ಒತ್ತಿದ್ದ. ಎತ್ತಿದ್ದು ಬೇರೆ ಯಾರದೋ ದನಿ.

"ವಾಚ್‌ಮನ್ನಾ ಸಾರ್? ಈಗ ತಾನೇ ಮ್ಯಾನೇಜರ್ ಸಾಹೇಬ್ರು ಬಂದು, ಭಾನುವಾರ ಯಂತ್ರ ಮುಟ್ಟಿದ್ದು ನೀನೇನಾ ಅಂತ ಗದರಿ, ಅವನನ್ನ ಕಾರಲ್ಲಿ ಕೂರಿಸ್ಕೊಂಡು ಹೋದ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ. ಅವನ ಮೊಬೈಲು ಇಲ್ಲೇ ಮೇಜಿನ ಮೇಲೆ ಬಿದ್ದಿದೆ."

ಇನ್ಸ್‌ಪೆಕ್ಟರ್ ಎರಡೆರಡು ಮೆಟ್ಟಿಲು ಹಾರಿ ಇಳಿದ ಸದ್ದು ಮಹಡಿಯ ಹಲಗೆಯನ್ನೆಲ್ಲ ನಡುಗಿಸಿತು. ಜೀಪು ಹೊರಟಿತು. ಅಕ್ಕ ಕಿಟಕಿಯಿಂದ ಡಬ್ಬಿಯನ್ನು ತಂದು ಮುಂದಿಟ್ಟುಕೊಂಡಳು. ಮೂವತ್ತೆರಡು ಕಾಲಿನ ಜರಿಯನ್ನು ಕೂದಲೂ ಅಲುಗದಂತೆ ಗೂಡಿಗಿಳಿಸಿದ್ದ ಆ ಕೈಗೆ, ಡಬ್ಬಿಯ ಮುಚ್ಚಳ ತೆಗೆಯಲು ಮೂರು ಸಲ ಬೇಕಾಯಿತು.